ರುಮಾಲು ತೆಗೆದ ಹೊತ್ತು

ನಾನು ನನ್ನ ತಮ್ಮನಿಗೆ ಸುಳ್ಳು ಹೇಳಿದೆ. ಒಂದೇ ಸಾಲಿನ ಸುಳ್ಳು. ಅವನು ಅದನ್ನು ನಂಬಿದ. ನಂಬಿ, ಇಲ್ಲದ ತಪ್ಪನ್ನು ಕೊನೆಯವರೆಗೂ ತಿದ್ದಿಕೊಳ್ಳುತ್ತಲೇ ಇದ್ದ. ಇದನ್ನು ನಾನು ಯಾರ ಮುಂದೆಯೂ ಆಡಿಲ್ಲ — ಅವ್ವನ ಮುಂದೆಯೂ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಸ್ ಕಂಡಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ನನ್ನ ಗಾಡಿ ತಿರುಗುತ್ತಿದ್ದ ಊರುಗಳು ಇವೇ. ಮಲ್ಲು ನನಗೆ ಒಬ್ಬನೇ ತಮ್ಮ. ಕಾಲೇಜು ಓದುತ್ತಿದ್ದಾಗ ಅವನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಕ್ಯಾನ್ಸರ್ ಎಂದರು. ಅದರ ಮದ್ದಿನ ಸೂಜಿ ಮಾಡಿಸಲು ದೊಡ್ಡ ದವಾಖಾನೆಗೆ ಹೋದರೆ, ಹಳ್ಳಿಯಿಂದ ಬಂದ ರೋಗಿಗಳಿಗೆ ಪಡಸಾಲೆಯೇ ಗತಿ. ಮಲ್ಲುವೂ ಅಲ್ಲೇ ಚಾಪೆ ಹಾಸಿ ಮಲಗಿದ. ಪಕ್ಕದಲ್ಲಿ ಮೋರಟಗಿಯ ಒಬ್ಬ ಮುದುಕ. ಓಡಾಡುವವರ ಕಾಲಿನ ಧೂಳು ಬಾಯಿಗೆ ಬೀಳಬಾರದೆಂದು ಮೋರೆಯ ಮೇಲೆ ಟೋಪಿ ಮುಚ್ಚಿಕೊಂಡೇ ನಿದ್ದೆ ಮಾಡುತ್ತಿದ್ದ. ಇವರಿಗೊಂದು ವಾರ್ಡು ಬೇಕು ಎಂದು ಮಲ್ಲುವಿನ ತಲೆಗೆ ಹೊಕ್ಕದ್ದು ಅಲ್ಲಿ. ಮಂದಿ ಅರ್ಧ ಕೂಡಿಸಿದರೆ ಉಳಿದರ್ಧ ಸರಕಾರದಿಂದ ತರಿಸುತ್ತೇನೆಂದು ದೊಡ್ಡ ಡಾಕ್ಟರು ಮಾತು ಕೊಟ್ಟರು. ಊರಿಗೆ ಬಂದವನೇ ಮಲ್ಲು, ರೊಕ್ಕ ಕೂಡಿಸಲು ನಾಟಕ ಆಡೋಣ ಎಂದ. ಅವನದು ಒಂದೇ ಷರತ್ತು — ತನ್ನ ಜಡ್ಡಿನ ಸುದ್ದಿ ಯಾರ ಕಿವಿಗೂ ಬೀಳಬಾರದು.

"ಮಂದಿ ನಕ್ಕು ಕೊಡಬೇಕಣ್ಣಾ. ಅತ್ತು ಕೊಟ್ಟದ್ದು ನನಗ ಬ್ಯಾಡ."

ನಾಟಕ ಅವನೇ ಬರೆದದ್ದು, ವರನ ಪಾತ್ರವೂ ಅವನದೇ. ಕನ್ಯೆ ನೋಡಲು ಬಂದ ವರನಿಗೆ ಬೋಳುತಲೆ. ಅದು ಗೊತ್ತಾಗಬಾರದೆಂದು ಉಣ್ಣುವಾಗಲೂ, ಮೋರೆ ತೊಳೆಯುವಾಗಲೂ ರುಮಾಲು ಇಳಿಸುವುದಿಲ್ಲ. ಕಡೆಗೆ ಮಾವನಾಗುವವನು ಹೊಸ ರುಮಾಲು ಸುತ್ತಿ ಮರ್ಯಾದೆ ಮಾಡಲು ಬರುತ್ತಾನೆ. ಹಳೆಯದನ್ನು ತೆಗೆಯಲೇಬೇಕು! ಸೂಜಿಯಿಂದ ಮಲ್ಲುವಿನ ಕೂದಲೆಲ್ಲ ಉದುರಿತ್ತು, ಹುಬ್ಬು ಕೂಡ. ಕನ್ನಡಿ ಮುಂದೆ ಕಾಡಿಗೆಯಿಂದ ಹುಬ್ಬು ತೀಡಿಕೊಳ್ಳುತ್ತ, ಹಜಾಮರ ಖರ್ಚು ಉಳಿಯಿತು, ಅದನ್ನೂ ವಾರ್ಡಿಗೆ ಹಾಕಿಬಿಡು ಎಂದು ನನ್ನನ್ನೇ ಕಾಡಿಸುತ್ತಿದ್ದ.

ಮೊದಲ ಆಟ ಹೊರ್ತಿಯಲ್ಲಿ. ಅವನು ರುಮಾಲು ತೆಗೆದದ್ದೇ ತಡ, ಬಯಲಿಗೆ ಬಯಲೇ ನಕ್ಕಿತು. ಮುಂದೆ ಕೂತಿದ್ದ ಒಬ್ಬ ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡು, "ಇವನ ಬಾಯಾಗ ಮಣ್ಣ ಹಾಕ, ಹೊಟ್ಟಿ ಹಿಡಕೊಳ್ಳಂಗ ಮಾಡಿದ ಭಾಡ್ಯಾ" ಎಂದು ಬೈಯುತ್ತ ಬೈಯುತ್ತ ನಕ್ಕಳು. ನಮ್ಮ ಕಡೆ ಆಟದ ನಡುವೆ ಆಯೇರಿ ಮಾಡುವ ರೂಢಿ. ಮೆಚ್ಚಿದವರು ಪಾತ್ರದವನಿಗೆ ರೊಕ್ಕವನ್ನೋ ವಸ್ತುವನ್ನೋ ಕೊಟ್ಟು, ಹೆಸರು ಕೂಗಿಸುತ್ತಾರೆ. ಆ ಮುದುಕಿ ಮಾಡಿದ ಆಯೇರಿ ಒಂದು ಹುಂಜ. ಮಲ್ಲು ಅದನ್ನು ಕಂಕುಳಲ್ಲಿ ಇರುಕಿಕೊಂಡೇ ಕನ್ಯೆಯ ಜತೆ ಉಳಿದ ಮಾತೆಲ್ಲ ಆಡಿ ಮುಗಿಸಿದ. ಮರುದಿನ ಬಸ್ಸಿನಲ್ಲಿ ಹುಂಜಕ್ಕೂ ಟಿಕೆಟ್ ಹರಿ ಎಂದು ಹಟ ಹಿಡಿದ. ಹರಿದುಕೊಟ್ಟೆ. ಅಷ್ಟು ಖುಷಿಯಲ್ಲಿ ನಾನು ಅವನನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಆದರೆ ಹುಂಜ, ಟವೆಲ್ಲು, ತೆಂಗಿನಕಾಯಿಗಳಿಂದ ವಾರ್ಡು ಏಳುವುದು ಯಾವಾಗ? ಮಲ್ಲುವಿಗೆ ಹೆಚ್ಚು ಕಾಲವಿಲ್ಲವೆಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ದರು. ಅವನು ವಾರ್ಡನ್ನು ಕಣ್ಣಾರೆ ನೋಡಲಿ ಎಂದು — ಇಲ್ಲ, ಆ ಕಾರಣವನ್ನು ನೆಪ ಮಾಡಿ ಇಲ್ಲಿ ಬರೆಯಬಾರದು. ನಾನು ಹೇಳಿಬಿಟ್ಟೆ. ಸಿಂದಗಿಯ ಆಟದ ಮುಂಚಿನ ವಾರವೆಲ್ಲ ಟಿಕೆಟ್ ಹರಿಯುತ್ತ ಸೀಟು ಸೀಟಿಗೂ ಹೇಳಿದೆ — ನಗಿಸುವ ಹುಡುಗ ನನ್ನ ತಮ್ಮ, ಆ ಜಡ್ಡು ಅವನಿಗೇ, ಬಹಳ ದಿನ ಇರುವವನಲ್ಲ. ಬಸ್ಸಿನಲ್ಲಿ ಆಡಿದ ಮಾತು ಬಸ್ಸಿಗಿಂತ ಮೊದಲೇ ಊರು ಮುಟ್ಟುತ್ತದೆ.

ಸಿಂದಗಿಯಲ್ಲಿ ಕೂಡಲು ಜಾಗವಿರಲಿಲ್ಲ. ಮಲ್ಲು ರುಮಾಲು ತೆಗೆದ. ಒಬ್ಬರೂ ನಗಲಿಲ್ಲ. ಹೆಂಗಸರ ಕಡೆಯಿಂದ ಯಾರೋ ಮೂಗು ಸೀಟಿದ ಸಪ್ಪಳ ಮಾತ್ರ… ಅವನು ಬರಿತಲೆಯಲ್ಲಿ ನಿಂತು ಮಂದಿಯನ್ನೇ ನೋಡಿದ. ಆಮೇಲೆ, ನಾಟಕದಲ್ಲಿ ಇಲ್ಲದ ಮಾತು ತೆಗೆದ: "ಯಾಕ್ರಿ ಮಾವಾರ, ಗಾಬರಿ ಆದ್ರಿ? ನಿಮ್ಮ ಮಗಳಿಗೆ ಎಣ್ಣಿ ಖರ್ಚು ಉಳೀತೈತಲ್ರಿ." ಒಂದಿಷ್ಟು ಜನ ನಕ್ಕರು. ಆಯೇರಿ ಮಾತ್ರ ಸುರಿಯಿತು. ಒಬ್ಬರು ಬೆರಳಿನ ಉಂಗುರವನ್ನೇ ಬಿಚ್ಚಿಕೊಟ್ಟರು.

ಬಣ್ಣ ಒರೆಸಿಕೊಳ್ಳುತ್ತ ಅವನು ಕೇಳಿದ: "ರುಮಾಲ ತಗದಾಗ ಮಂದಿ ಯಾಕ ನಗಲಿಲ್ಲಣ್ಣಾ? ನೀ ಏನರ ಹೇಳಿಯೇನು?"

"ಇಲ್ಲೋ. ನೀ ರುಮಾಲ ತಡಾ ಮಾಡಿ ತಗದಿ."

ಇದೇ ಆ ಸುಳ್ಳು. ಅವನು ಹೌದೆಂದು ತಲೆಯಾಡಿಸಿದ. ಅಣ್ಣನ ಮಾತಲ್ಲವೇ.

ಅಂದಿನಿಂದ ಅದೇ ಅಭ್ಯಾಸ. ಅಡಿಗೆಮನೆಯಲ್ಲಿ ಅವ್ವನ ಮುಂದೆ, ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ — ಸುತ್ತುವುದು, ತೆಗೆಯುವುದು. ಎಡಗೈ ಎತ್ತಿದರೆ ನೋಯುತ್ತಿತ್ತು. ಒಂದೇ ಕೈಯಿಂದ ತೆಗೆಯುವುದನ್ನು ಕಲಿತ. ಮುದ್ದೇಬಿಹಾಳದಲ್ಲಿ ಅರ್ಧ ಮಂದಿ ನಕ್ಕರು. ಬಾಗೇವಾಡಿಯಲ್ಲಿ, ಮಾವ ಇನ್ನೂ ಸ್ವಾಗತದ ಮಾತು ಆಡುತ್ತಿರುವಾಗಲೇ ಬಾಗಿ ನಮಸ್ಕರಿಸಿ, ಆ ಬಾಗುವಿಕೆಯಲ್ಲೇ ರುಮಾಲನ್ನು ಅವನ ಕೈಗೆ ಇಟ್ಟುಬಿಟ್ಟ. ಅಳಲು ತಯಾರಾಗಿ ಬಂದಿದ್ದ ಮಂದಿ, ಮರುಕ ನೆನಪಾಗುವ ಮುಂಚೆಯೇ ನಕ್ಕರು. ನಕ್ಕಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲ ತಿಳಿದಿದ್ದ ನಾನೂ ಗೋಡೆಗೆ ಒರಗಿ ನಕ್ಕೆ. ಅವರಿಗೆಲ್ಲ ಗೊತ್ತಿತ್ತು, ಆದರೂ ಅವನು ನಗಿಸಿದ. ಎಂಥ ಕಡೆ ಗೆದ್ದೆನೆಂಬುದು ಅವನಿಗೆ ತಿಳಿಯಲೇ ಇಲ್ಲ — ತಿಳಿಯದಂತೆ ಮಾಡಿದವನು ನಾನು.

ಮಂದಿಯ ಅರ್ಧ ಕೂಡಿತು, ಸರಕಾರದ ಅರ್ಧವೂ ಬಂತು. ವಾರ್ಡು ಎದ್ದಿತು, ತಗಡಿನ ಮಾಡು, ಸುಣ್ಣದ ವಾಸನೆ. ಮಲ್ಲುವಿನ ಮಂಚ ಕಿಟಕಿಯ ಬದಿಗೆ, ಪಕ್ಕದ ಮಂಚದಲ್ಲಿ ಮೋರಟಗಿಯ ಅದೇ ಮುದುಕ, ಈಗ ಟೋಪಿ ತಲೆಯ ಮೇಲಿತ್ತು. ದವಾಖಾನೆಯ ಟವೆಲ್ಲನ್ನೇ ರುಮಾಲು ಮಾಡಿಕೊಂಡು ಮಲ್ಲು ದಿನಾ ಆಟ ಹೂಡುತ್ತಿದ್ದ. ಗದ್ದಲ ನಿಲ್ಲಿಸಲು ಬಂದ ನರ್ಸಬಾಯಿ ತಾವೇ ನಕ್ಕು ಹೋಗುತ್ತಿದ್ದರು. ಒಂದು ಸಂಜೆ ಸುತ್ತಿಕೊಳ್ಳಲು ಎಡಗೈ ಏಳಲೇ ಇಲ್ಲ. ನಾನು ಸುತ್ತಿದೆ. ಅವನು ತೆಗೆದ. ಮುದುಕ ಕೆಮ್ಮು ಬರುವ ತನಕ ನಕ್ಕ.

"ಈಗ ಸರಿ ಬಂತೇನಣ್ಣಾ? ತಡಾ ಆಗಲಿಲ್ಲಲ್ಲ?"

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ವಾರ್ಡು ಆಗಿತ್ತು, ಅವನು ನಗುತ್ತಿದ್ದ… ನಾನು, "ಈಗ ಸರಿ ಬಂತು" ಎಂದೆ. ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ. ಅದೇ ವಾರ ತೀರಿಕೊಂಡ.

ಅವನನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ನಗುವೇ ಬರುತ್ತದೆ. ಕಂಕುಳಲ್ಲಿ ಹುಂಜ, ಕಾಡಿಗೆಯ ಹುಬ್ಬು. ಆಮೇಲೆ ಸಿಂದಗಿಯ ಆ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಉಳಿದಿದೆ, ಇನ್ನು ಉಳಿಸಿಕೊಳ್ಳಲಾರೆ.

ಮಲ್ಲೂ, ಸಿಂದಗಿಯೊಳಗ ನೀ ತಡಾ ಮಾಡಿರಲಿಲ್ಲೋ. ಹೊರ್ತಿಯೊಳಗ ತಗದ ಹೊತ್ತಿಗೇ ತಗದಿದ್ದಿ.