ಉರಿಯದ ಕೊರಡು

ಇವತ್ತು ಮುಂಜಾನೆ ಮೊಮ್ಮಗನ ಹೊಸ ಹೆಂಡತಿ ಬಚ್ಚಲಲ್ಲಿ ನೀರು ಚೆಲ್ಲಿ, "ಅಜ್ಜೀ, ಈ ಕಲ್ಲಾಗ ಗಿಡದ ಸುತ್ತುಬಳಿ ಮೂಡ್ಯಾವಲ್ರೀ!" ಅಂತ ಕೂಗಿದಳು. ಒಣಗಿದಾಗ ಅದು ಕಾಲು ತಿಕ್ಕುವ ಮಾಮೂಲಿ ಕಲ್ಲು. ನೀರು ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಆ ಕಲ್ಲಿನ ದೆಸೆಯಿಂದ ನಾನು ಅನ್ನಿಸಿಕೊಂಡದ್ದು ಅಷ್ಟಿಷ್ಟಲ್ಲ, ಕೇಳಿರಿ.

ನಮ್ಮ ಸೀಮೆಗೆ ಬರಬೇಕಾದ ಕಾಲುವೆ ಇನ್ನೂ ಅಳತೆಯಲ್ಲೇ ಇದ್ದ ಕಾಲ. ಕೋಟೆಯೂರು ಮುದಗಲ್ಲಿನಿಂದ ಮಸ್ಕಿ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಸಾಲಿ ಎರಡನೇ ಇಯತ್ತೆಗೇ ಬಿಟ್ಟಿದ್ದೆ, ಸೊಕ್ಕು ಮಾತ್ರ ಪೂರಾ ಇತ್ತು. ನಮ್ಮ ಸೀಮೆಯಲ್ಲಿ ಹತ್ತಿಕಟಗಿ, ಸಗಣಿಯ ಕುಳ್ಳು ಬಿಟ್ಟರೆ ಒಲೆಗೆ ಮತ್ತೇನಿದೆ? ಹಳ್ಳದ ದಂಡೆಯಲ್ಲಿ ತೊಗಟೆ ಸಮೇತ ಒಂದು ಕೊರಡು ಕಂಡಿತು. ಭಾರ ಇತ್ತು, ಹಸಿ ಇರಬೇಕು ಅಂದುಕೊಂಡೆ. ಹೊತ್ತು ತಂದು ಒಲೆಗೆ ಹಾಕಿ ಊದಿದೆ, ಊದಿದೆ. ನನ್ನ ಕಣ್ಣಲ್ಲಿ ನೀರು ಬಂತೇ ಹೊರತು ಅದು ಹತ್ತಲಿಲ್ಲ. ರೊಟ್ಟಿ ಹಂಚಿನ ಮೇಲೆ ಹಸಿಯಾಗೇ ಕುಂತಿತ್ತು.

ಅತ್ತೆ ಊದುಗೊಳವೆಯಿಂದ ಕೊರಡಿಗೆ ಬಡಿದರು. ಠಣ್ ಅಂತು.

"ಕಲ್ಲಿನ ಕೋಟಿ ಊರಾಗ ಹುಟ್ಟೀಯಲ್ಲ ಬೇ, ಕಲ್ಲಿನ ಗುರ್ತ ಇಲ್ಲೇನ ನಿನಗ?"

"ಇದು ಕಟಗೀನ ಅತ್ತಿ. ಗಂಟು ನೋಡ್ರಿ, ತೊಗಟಿ ನೋಡ್ರಿ."

"ಕಟಗಿ ಅಂತ ತೋರಿಸು, ಪಂಚಮಿಗೆ ತವರಿಗೆ ಕಳಸ್ತೀನಿ. ಕಲ್ಲಾದ್ರ ಇಲ್ಲೇ ಬಿದ್ದಿರು."

ತವರಿನ ಜೋಕಾಲಿ ನೆನೆದು ನಾನೇನೂ ಅಳಲಿಲ್ಲ, ಸಿಟ್ಟು ಬಂತು. ದಿನಾ ಅದನ್ನು ಒಲೆಗಿಟ್ಟೆ. ಓಣಿಯ ಹೆಂಗಸರು ಬಾಗಿಲಲ್ಲಿ ಹಣಿಕಿ, "ಬೆಂತೇನವ್ವಾ ನಿನ್ನ ಕಲ್ಲು?" ಅನ್ನುವರು.

ಹಬ್ಬ ಹತ್ತಿರ ಬಂದಾಗ ಕಾಲುವೆ ಅಳೆಯುವ ಸಾಹೇಬರೊಬ್ಬರು ಮಜ್ಜಿಗೆ ಕೇಳಿಕೊಂಡು ಬಂದು ಕಟ್ಟೆಗೆ ಕುಂತರು. ಸಿಟ್ಟಿನಲ್ಲಿ ನಾನು ಅಂಗಳಕ್ಕೆ ಎಸೆದಿದ್ದ ಕೊರಡು ಕಂಡು ಮಜ್ಜಿಗೆ ಮರೆತರು. ಅದರ ಮೇಲೆ ನೀರು ಸುರಿದರು, ಬಳೆಗಳು ಎದ್ದು ಕಂಡವು.

"ಇದು ಹಿಂದಕ್ಕ ಗಿಡಾನ ಇತ್ರವ್ವ. ಕೆಸರಾಗ ಮುಚ್ಚಿಹೋಗಿ ಕೊಳೀಲಿಲ್ಲ. ನೀರಿನಾಗ ಕರಗಿದ್ದ ಕಲ್ಲಿನ ಅಂಶ ಎಳಿ ಎಳಿಗೂ ಹೊಕ್ಕು ಕುಂತೈತಿ. ಈ ಬಳಿ ಅಗಲ ಐತಿ ನೋಡ್ರಿ, ಅವಾಗ ಮಳಿ ಛಲೋ ಆಗಿತ್ತು. ಗಿಡ ಬೆಳದಲ್ಲಿ ದೊಡ್ಡ ಅಡವಿ ಇತ್ತು."

"ಈ ಸೀಮ್ಯಾಗ ಅಡವಿ? ಕುರಿಗೆ ನೆರಳಿಲ್ಲ ಇಲ್ಲಿ!" ಅತ್ತೆ ನಕ್ಕುಬಿಟ್ಟರು. ಆದರೂ ಬಗ್ಗಿ ಬೆರಳಾಡಿಸಿದರು. ಬೆರಳು ಒಂದು ತೂತಿನ ಹತ್ತಿರ ನಿಂತಿತು. ಹುಳ ಕೊರೆದ ತೂತು, ನಮ್ಮ ಬಾಗಿಲ ಚೌಕಟ್ಟಿನಲ್ಲಿ ಇದ್ದಂಥದ್ದೇ.

"ಹುಳ ಕಲ್ಲು ತಿನ್ನಂಗಿಲ್ಲ," ಅಂದರು ಕಡೆಗೆ. "ಆದ್ರ ರೊಟ್ಟಿನೂ ಬೇಯಲಿಲ್ಲ. ಅರ್ಧ ಗೆದ್ದೀ. ಅರ್ಧ ಹಬ್ಬಕ್ಕ ಹೋಗು."

ಹೋದೆ. ಅರ್ಧಕ್ಕೇ ಕರೆಯಲು ಬಂದ ಮೈದುನನಿಗೆ ಜೋಕಾಲಿ ಮೇಲಿಂದಲೇ ಹೇಳಿದೆ: "ನಾ ಕಲ್ಲಾಗೇನಿ, ಏಳಾಕ ಬರವಲ್ದು ಅಂತ ನಿಮ್ಮವ್ವಗ ಹೇಳಪ್ಪ."

ಅತ್ತೆ ಹೊಟ್ಟೆ ಹಿಡಕೊಂಡು ನಕ್ಕರಂತೆ. ಹಬ್ಬ ಪೂರಾ ಮುಗಿಸಿ ಬರುವುದರೊಳಗೆ ಕೊರಡನ್ನು ಬಚ್ಚಲಲ್ಲಿ ಹುಗಿಸಿದ್ದರು, ನಾನು ದಿನಾ ಅದರ ಮುಖ ನೋಡಲಿ ಅಂತ. ಪೂರಾ ಗೆದ್ದೀ ಅಂತ ಮಾತ್ರ ಸಾಯುವತನಕ ಅನ್ನಲಿಲ್ಲ.

"ಅಜ್ಜೀ, ಇದು ಕಟಗೀನೋ ಕಲ್ಲೋ?" ಬಚ್ಚಲಲ್ಲಿ ಹುಡುಗಿ ಇನ್ನೂ ಕೇಳುತ್ತಿದ್ದಳು.

ಪಂಚಮಿ ಬಂದೇಬಿಟ್ಟಿದೆ. ಅತ್ತೆಯ ಷರತ್ತು ನನ್ನ ನಾಲಿಗೆ ತುದಿಗೆ ಬಂತು. ಹುಡುಗಿಯ ಮುಖ ನೋಡಿದೆ. ತವರಿನ ಆಸೆ ಅಲ್ಲಿ ಒದ್ದೆ ಕಲ್ಲಿನ ಬಳೆಯಂತೆ ಎದ್ದು ಕಾಣುತ್ತಿತ್ತು.

"ಎರಡೂ ಹೌದು. ಪೂರಾ ಹಬ್ಬಕ್ಕ ಹೋಗು."

"ಬರೋದು ತಡಾ ಆದ್ರ?"

"ಕಲ್ಲಾಗೇನಿ ಅಂತ ಹೇಳಿಕಳಸು."