ವಿಮಲಕ್ಕ ಹಟ ಹಿಡಿದ ಹೆಸರು

ಹೀರೇಕಾಯಿ ಹೆರೆಯುತ್ತಿದ್ದಾಗ ಫೋನ್ ಬಂತು. ಊರ ನಡುವಿನ ಸಿಬಿಡಿಯ ಚಿತ್ರ ಗ್ಯಾಲರಿಯವರು. ವಿಮಲಕ್ಕನ ಕಾರ್ಡುಗಳನ್ನು ಪ್ರದರ್ಶನಕ್ಕೆ ಇಡುತ್ತಾರಂತೆ, ಜೊತೆಗೆ ಹಾಕಲು ಅಕ್ಕ ಬರೆದುಕೊಟ್ಟದ್ದರಲ್ಲಿ ಒಂದಕ್ಷರವನ್ನೂ ಬದಲಿಸದೆ. ಚಾಕು ಕೆಳಗಿಟ್ಟು ದೇವರ ಪಟಕ್ಕೆ ಕೈಮುಗಿದೆ.

ಪರದೇಶದ ಈ ಊರಿನ ಕಿಲೆಲೆಶ್ವಾ ಬಡಾವಣೆಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ವಿಮಲಕ್ಕ ಯಾರನ್ನು ಕಂಡರೂ ಮೊದಲು ಕೈ ನೋಡುತ್ತಿದ್ದರು, ಮುಖ ಆಮೇಲೆ. ಕೆಲಸದ ಮೇಲೆ ಹೋದ ಊರುಗಳಿಂದೆಲ್ಲ ಅವರು ಆರಿಸಿ ತಂದಿದ್ದು ಹತ್ತೊಂಬತ್ತನೇ ಶತಮಾನದ ಜಾಹೀರಾತು ಕಾರ್ಡುಗಳನ್ನು. ಸೋಪು, ದಾರ ಮಾರುವವರು ಆಗ ಗಿರಾಕಿಗಳಿಗೆ ಪುಕ್ಕಟೆ ಹಂಚುತ್ತಿದ್ದ, ಅಂಗೈಯಗಲದ ಬಣ್ಣದ ಚಿತ್ರಗಳು. ಎಲ್ಲದರಲ್ಲೂ ದುಡಿಯುವ ಹೆಂಗಸರು, ಎಲ್ಲರ ಮುಖದಲ್ಲೂ ನಗು.

“ಎಷ್ಟು ಲಕ್ಷಣವಾಗಿದ್ದಾಳಲ್ವಾ ಅಕ್ಕಾ,” ಎಂದೆ ಒಮ್ಮೆ, ಬಟ್ಟೆ ಒಗೆಯುವವಳ ಚಿತ್ರ ನೋಡಿ.

“ಇರದೆ ಏನು! ನಿನ್ನ ಹಾಗೆ ಪೂಜೆಗೆ ಹೊರಟಿದ್ದಾಳೆ. ತಾಳು, ಗೊತ್ತಿರೋರನ್ನ ಕೇಳೋಣ.”

ನಮ್ಮಿಬ್ಬರ ಮನೆಗೂ ಬಟ್ಟೆ ಒಗೆಯಲು ಬರುವ ಮಾಮಾ ವಂಬುಯಿಯನ್ನು ಕರೆದರು. ಇಲ್ಲಿನ ಮಾತಿನಲ್ಲಿ ಮಾಮಾ ಎಂದರೆ ಅಮ್ಮ. ಆಕೆ ಕೈ ಒರೆಸಿಕೊಂಡು ನೋಡಿ ಗಹಗಹಿಸಿದಳು. “ಇವಳೆಲ್ಲಿ ಒಗೀತಿದ್ದಾಳೆ ಮಾಮಾ? ಮುಂಗೈವರೆಗೂ ತೋಳಿನ ಗುಂಡಿ ಹಾಕ್ಕೊಂಡಿದ್ದಾಳೆ. ಒಂದು ಹನಿ ನೀರು ಬಿದ್ದಿಲ್ಲ!”

ವಿಮಲಕ್ಕ ಆ ಮಾತನ್ನು ಹಾಗೇ ಬರೆದುಕೊಂಡರು. “ನಿಮ್ಮ ಸ್ವಂತ ಹೆಸರೇನು?”

ವಂಬುಯಿ ಎಂಬುದು ಆಕೆಯ ಮಗಳ ಹೆಸರು. ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ನಾಲ್ಕು ವರ್ಷ ಬಟ್ಟೆ ಕೊಟ್ಟ ನಾನು ಆಕೆಯ ಸ್ವಂತ ಹೆಸರು ಕೇಳಿರಲೇ ಇಲ್ಲ.

“ಗ್ರೇಸ್,” ಎಂದಳು.

ಆ ಕಾರ್ಡಿನ ಕೆಳಗೆ ಗ್ರೇಸ್ ಆಡಿದ ಮಾತನ್ನು ಅವಳ ಹೆಸರಿನಲ್ಲೇ ಹಾಕಬೇಕೆಂದು ವಿಮಲಕ್ಕ ಗ್ಯಾಲರಿಗೆ ಬರೆದುಕೊಟ್ಟರು. ಗ್ಯಾಲರಿಯವರು ಕಾರ್ಡುಗಳನ್ನು ಒಪ್ಪಿದರು, ಗ್ರೇಸ್ ಹೆಸರನ್ನು ಒಪ್ಪಲಿಲ್ಲ. ಓದಿದವರ ಮಾತಾದರೆ ಹಾಕೋಣ ಎಂದರು. “ಹಾಗಾದ್ರೆ ಕಾರ್ಡೂ ಇಲ್ಲ. ಈ ಚಿತ್ರದೋರಿಗಂತೂ ಹೆಸರಿಲ್ಲ, ಒಗೆಯೋದು ಗೊತ್ತಿರೋಳಿಗೂ ಬೇಡ್ವಾ?” ಎಂದು ವಿಮಲಕ್ಕ ಎದ್ದು ಬಂದರು. ಕೆಲಸದ ಅವಧಿ ಮುಗಿದು ಕಳೆದ ತಿಂಗಳು ಮೈಸೂರಿಗೆ ಹೊರಟಾಗ ಕಾರ್ಡಿನ ಡಬ್ಬಿಯನ್ನು ನನ್ನ ಕೈಗಿಟ್ಟರು. “ನೀನು ದೇವರನ್ನ ಕೇಳ್ತಿರು, ನಾನು ಅವರಿಗೆ ಬರೀತಿರ್ತೀನಿ.”

ಸುದ್ದಿ ಹೇಳಲು ಈಗ ಮೈಸೂರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ. ಕೇಳಿದ್ದೇ, “ಗ್ರೇಸ್ ಹೆಸರು?” ಎಂದರು.

“ಹಾಕ್ತಾರೆ ಅಕ್ಕಾ. ನೀವು ಬರೆದ ಹಾಗೇ.”

“ಗೆದ್ವಿ ಕಣೇ!”

ಆ ಕೂಗಿಗೆ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಗ್ರೇಸ್ ಓಡಿಬಂದಳು. ಹೇಳಿದೆ. “ವಂಬುಯಿಯನ್ನೂ ಕರ್ಕೊಂಡು ಹೋಗ್ತೀನಿ. ಅವಳು ಜೋರಾಗಿ ಓದ್ಲಿ,” ಎಂದಳು.

ವಿಮಲಕ್ಕ ಜೊತೆಗಿಲ್ಲ, ಅದೊಂದೇ ಕೊರತೆ. ಪ್ರದರ್ಶನ ಶುರುವಾಗುವ ಶನಿವಾರ ಮೂವರೂ ಮಟಾಟು ವ್ಯಾನು ಹತ್ತುವುದೆಂದು ಮಾತಾಡಿಕೊಂಡೆವು. ಮಕ್ಕಳು ಶಾಲೆಯಿಂದ ಬರುವ ಹೊತ್ತಾಗಿತ್ತು. ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದೆ.