ಭುವಿಯ ಬ್ಲಾಗು ಓದುವವಳು

ಇಂಡಿ ಪಟ್ಟಣದ ಭಾಗ್ಯಜ್ಯೋತಿಗೆ ಬೆಳಗಿನ ಚಹಾದ ಜೊತೆ ಹೊಟ್ಟೆ ಉರಿಸಿಕೊಳ್ಳುವ ಅಭ್ಯಾಸ ಬಿದ್ದು ವರ್ಷವಾಗುತ್ತ ಬಂದಿತ್ತು. ಗಂಡ ಚೇತನಕುಮಾರ ನಿಂಬೆಹಣ್ಣಿನ ಹರಾಜಿಗೆ ಹೊರಟ ಮೇಲೆ, ಮಗ ಮುತ್ತು ಏಳುವ ಮೊದಲು, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳು ತೆರೆಯುತ್ತಿದ್ದ ಮೊದಲ ಪುಟ ಕಂಪನಿಯದಲ್ಲ. ಸಿಂದಗಿಯ ಭುವನೇಶ್ವರಿಯ ಬ್ಲಾಗು.

ಇಬ್ಬರೂ ವಿಜಯಪುರದಲ್ಲಿ ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಹಾಸ್ಟೆಲಿನಲ್ಲಿ ಒಂದೇ ಖೋಲಿ, ಒಂದೇ ಬಕೀಟು, ಅವಸರ ಬಿದ್ದರೆ ಒಂದೇ ಜೋಡು ಚಪ್ಪಲಿ. ಈಗಲೂ ಇಬ್ಬರದೂ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುವ ಕೆಲಸ. ಭಾಗ್ಯ ಪುಣೆಯ ಒಂದು ಕಂಪನಿಗೆ, ಭುವಿ ಹುಬ್ಬಳ್ಳಿಯ ಒಂದು ಕಂಪನಿಗೆ. ಕನ್ನಡದಲ್ಲಿ ಬ್ಲಾಗು ಬರೆಯೋಣ ಎಂದು ಮೊದಲು ಹೇಳಿದ್ದು ಭಾಗ್ಯ. ಶುರು ಮಾಡಿದ್ದು ಇಬ್ಬರೂ ಕೂಡಿ, ಒಂದೇ ವಾರದಲ್ಲಿ.

ಭಾಗ್ಯ ಉಪಕರಣಗಳ ಬಗ್ಗೆ ಬರೆಯುತ್ತಿದ್ದಳು. ಯಾವ ಎಡಿಟರು ಯಾಕೆ ಒಳ್ಳೆಯದು, ಬರೆದ ಕೋಡಿನ ಹಳೆಯ ಆವೃತ್ತಿಗಳನ್ನು ಹೇಗೆ ಕಾಪಾಡಿಕೊಳ್ಳಬೇಕು, ಅಳಿದುಹೋದ ಕಡತವನ್ನು ಹೇಗೆ ಹುಡುಕಬೇಕು. ಒಂದೊಂದು ಆಜ್ಞೆಯನ್ನೂ ತಾನು ನಡೆಸಿ ನೋಡಿ, ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆಯೇ ಬರೆಯುವವಳು. ಮೌಸನ್ನೇ ಮುಟ್ಟದೆ, ಬರೀ ಕೀಲಿಗಳಿಂದ ನಡೆಯುವ ಒಂದು ಅಪರೂಪದ ಬ್ರೌಸರಿನ ಬಗ್ಗೆ ಕಂತು ಕಂತಾಗಿ ಬರೆದು, ಇದನ್ನು ಬಳಸದವರು ಪ್ರೋಗ್ರಾಮರೇ ಅಲ್ಲ ಎನ್ನುವಷ್ಟು ಹೊಗಳಿದ್ದಳು. ಅದನ್ನು ಓದಿದವರಲ್ಲಿ ಒಬ್ಬ ಗಂಡ. ಅವನೂ ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ ಏನು ಹೇಳಲಿ ಎಂಬ ಭಯಕ್ಕೆ ಓದಿದವನು.

ಭುವಿ ಏನು ಬರೆಯುತ್ತಿದ್ದಳು? ಮೀಟಿಂಗಿನಲ್ಲಿ ಮ್ಯಾನೇಜರು ಮಾತಾಡುವಾಗ ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದು. ಕರೆಂಟು ಹೋದಾಗ ಫೋನ್ ಹಿಡಿದು ಮಾಳಿಗೆ ಏರಿ, ನೀರಿನ ಟಾಕಿಯ ಪಕ್ಕ ಕೂತು ಕೋಡು ಕಳಿಸಿದ್ದು. ಬೆಕ್ಕು ಕೀಬೋರ್ಡಿನ ಮೇಲೆ ನಡೆದು ಅರ್ಧ ಬರೆದ ಸಂದೇಶವನ್ನು ಮೇಲಧಿಕಾರಿಗೆ ತಲುಪಿಸಿದ್ದು. ಅಷ್ಟೇ. ಅಷ್ಟಕ್ಕೆ ಬಸವನ ಬಾಗೇವಾಡಿಯಿಂದ, ಮುದ್ದೇಬಿಹಾಳದಿಂದ, ಎಲ್ಲೆಲ್ಲಿಂದಲೋ ಜನ ಬಂದು ಕೆಳಗೆ ಬರೆಯುತ್ತಿದ್ದರು: ‘ಅಕ್ಕಾ, ನಮ್ಮ ಮನ್ಯಾಗ ನಡದದ್ದು ನೀವ್ ಹೆಂಗ ನೋಡಿದ್ರಿ?’

ರೊಟ್ಟಿ ಭಾಗ್ಯಳ ಮನೆಯಲ್ಲೂ ಹೊತ್ತುತ್ತಿತ್ತು. ಕರೆಂಟು ಇಂಡಿಯಲ್ಲೂ ಹೋಗುತ್ತಿತ್ತು. ಒಮ್ಮೆ ಅವಳೂ ಹಾಗೆ ಬರೆಯಲು ಕೂತಳು. ಮುತ್ತು ಚಾರ್ಜರಿನ ವೈರು ಕಚ್ಚಿದ ಪ್ರಸಂಗ. ಬರೆದು ಓದಿಕೊಂಡರೆ ವಿಮಾ ಕಂಪನಿಗೆ ಕೊಟ್ಟ ಅರ್ಜಿಯ ಹಾಗಿತ್ತು. ಅಳಿಸಿದಳು.

“ಏನ್ ಓದಾಕತ್ತಿ ಭಾಗ್ಯಾ, ಮಾರಿ ಅಷ್ಟ್ ಗಂಟ ಹಾಕ್ಕೊಂಡು? ಯಾರರ ಸತ್ತಾರೇನ?” ಎಂದು ಒಂದು ದಿನ ಬೆಳಿಗ್ಗೆ ಅತ್ತೆ ಚನ್ನವ್ವ ಕೇಳಿದರು.

“ಯಾರೂ ಸತ್ತಿಲ್ರಿ ಅತ್ತಿ. ಭುವಿ ಬರದಾಳ.”

“ಹೌದಾ? ಹಂಗಾದ್ರ ನನಗೂ ಓದಿ ಹೇಳು. ಭಾಳ ಚಂದ ಬರೀತಾಳವ್ವ ಆಕಿ. ನೀನೂ ಅದನ್ನ ಕಲ್ತಾಕಿ, ನಿನ್ನದು ಒಂದ್ ಸಾಲೂ ತಲಿಗಿ ಹತ್ತಂಗಿಲ್ಲ ನೋಡು.”

ಭಾಗ್ಯ ಚಹಾ ಸೋಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು.

ಭುವಿ ಈ ಸಲ ಬರೆದದ್ದು ಸಂಜೆ ಕೆಲಸ ಮುಗಿಸುವ ಪರಿಯ ಬಗ್ಗೆ. ದೇವರ ಮುಂದೆ ದೀಪ ಹಚ್ಚುವ ಮೊದಲು ಅವಳು ಪೆನ್‌ಡ್ರೈವ್ ಚುಚ್ಚಿ, ದಿನದ ಕೆಲಸವನ್ನೆಲ್ಲ ಅದಕ್ಕೆ ನಕಲು ಮಾಡಿ ಏಳುತ್ತಾಳಂತೆ. ಅದಕ್ಕೆಂದು ತಾನಾಗಿ ನಡೆಯುವ ಆಜ್ಞೆಗಳ ಒಂದು ಪುಟ್ಟ ಸ್ಕ್ರಿಪ್ಟು ಬರೆದುಕೊಂಡಿದ್ದಾಳಂತೆ. ‘ನೀವೂ ಹಿಂಗ ಮಾಡ್ರಿ, ರಾತ್ರಿ ನಿದ್ದಿ ಬರ್ತೈತಿ’ ಎಂದು ಕೊನೆಗೆ ಆ ಸ್ಕ್ರಿಪ್ಟನ್ನೂ ಕೊಟ್ಟಿದ್ದಳು.

ಭಾಗ್ಯ ಸ್ಕ್ರಿಪ್ಟು ಓದಿದಳು. ಮತ್ತೆ ಓದಿದಳು. ಎದೆಯಲ್ಲಿ ಏನೋ ಒಂದು ಚಿಟಿಕೆ ಹೊಡೆದ ಹಾಗಾಯಿತು.

ಭುವಿಯ ಸ್ಕ್ರಿಪ್ಟು ಪೆನ್‌ಡ್ರೈವನ್ನು ಕೆಲಸದ ಫೋಲ್ಡರಿನ ಪಡಿಯಚ್ಚು ಮಾಡುತ್ತಿತ್ತು. ಪಡಿಯಚ್ಚು ಅಂದರೆ ಪಡಿಯಚ್ಚೇ: ಫೋಲ್ಡರಿನಲ್ಲಿ ಇಲ್ಲದ್ದು ಏನಾದರೂ ಪೆನ್‌ಡ್ರೈವಿನಲ್ಲಿ ಇದ್ದರೆ ಕೇಳದೆ ಅಳಿಸಿಬಿಡುವುದು. ಭುವಿಯ ಪೆನ್‌ಡ್ರೈವು ಅದೊಂದಕ್ಕೇ ಮೀಸಲಿರಬೇಕು, ಹಾಗಾಗಿ ಅವಳಿಗೆ ಗೊತ್ತೇ ಆಗಿಲ್ಲ. ಆದರೆ ಓದುವವರಲ್ಲಿ ಎಷ್ಟು ಜನರ ಮನೆಯಲ್ಲಿ ಎರಡನೆಯ ಪೆನ್‌ಡ್ರೈವ್ ಇರುತ್ತದೆ? ಮದುವೆಯ ಫೋಟೊ, ಮಾರ್ಕ್ಸ್ ಕಾರ್ಡು, ಕೂಸು ಮೊದಲು ಹೆಜ್ಜೆ ಇಟ್ಟದ್ದು ಎಲ್ಲ ಒಂದರಲ್ಲೇ. ‘ಖಾಲಿ ಪೆನ್‌ಡ್ರೈವ್ ಬಳಸಿ’ ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತು. ಭುವಿ ಬರೆದಿರಲಿಲ್ಲ.

ಭಾಗ್ಯ ಕೆಳಗೆ ಟೈಪು ಮಾಡಿದಳು: ‘ಭುವಿ, ಇದು ಪೆನ್‌ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಅಳಿಸುತ್ತದೆ, ತಕ್ಷಣ ತಿದ್ದು.’

ಕಳಿಸುವ ಗುಂಡಿಯ ಹತ್ತಿರ ಬೆರಳು ನಿಂತಿತು. ಕಳಿಸಿದರೆ ಏನಾಗುತ್ತದೆ? ಭುವಿ ‘ಅಯ್ಯ ಭಾಗಿ, ನೀ ಇದ್ದಿ ಅಂತ ನಾ ಬದಕೇನಿ’ ಎಂದು ನಗುತ್ತ ತಿದ್ದುತ್ತಾಳೆ. ಜನ ಆ ನಗೆಯನ್ನೂ ಮೆಚ್ಚುತ್ತಾರೆ. ತನ್ನ ಮಾತು ಹೊಗಳಿಕೆಗಳ ನಡುವೆ ಎಲ್ಲೋ ಹುಗಿದುಹೋಗುತ್ತದೆ. ಹಾಗಲ್ಲ. ಇದನ್ನು ತನ್ನ ಬ್ಲಾಗಿನಲ್ಲೇ ಬರೆಯಬೇಕು, ಉದ್ದಕ್ಕೆ, ಉದಾಹರಣೆ ಸಮೇತ. ಚಂದ ಬರೆಯುವುದು ಬೇರೆ, ಕೆಲಸ ತಿಳಿದಿರುವುದು ಬೇರೆ ಎಂದು ಓದಿದವರಿಗೆ ಒಮ್ಮೆಯಾದರೂ ತಿಳಿಯಬೇಕು. ಅವಳು ಟೈಪು ಮಾಡಿದ್ದನ್ನು ಅಳಿಸಿದಳು.

ಅಷ್ಟರಲ್ಲಿ ಮುತ್ತು ಎದ್ದು ಅಳತೊಡಗಿದ. ಅವನಿಗೆ ಹಾಲು, ಅತ್ತೆಗೆ ಗುಳಿಗೆ, ಆಮೇಲೆ ಪುಣೆಯ ಮೀಟಿಂಗು. ನಡುನಡುವೆ ಬಿಡುವು ಸಿಕ್ಕಾಗಲೆಲ್ಲ ಭುವಿಯ ಪುಟ ತೆರೆದು, ತಪ್ಪು ಬೇರೆ ಯಾರಾದರೂ ಕಂಡುಹಿಡಿದರೋ ಎಂದು ನೋಡುವಳು. ಯಾರೂ ಹಿಡಿದಿರಲಿಲ್ಲ. ಪ್ರತಿ ಸಲವೂ ಅವಳಿಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನದ ಬೆನ್ನಿಗೇ, ಈ ಹೊತ್ತಿಗೆ ಯಾರೋ ಒಬ್ಬರು ಪೆನ್‌ಡ್ರೈವ್ ಚುಚ್ಚುತ್ತಿರಬಹುದು ಎಂಬ ಯೋಚನೆ ಬಂದು ಕೂರುತ್ತಿತ್ತು. ನಾಳೆ ಹಾಕುತ್ತೇನಲ್ಲ, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಮುತ್ತುವಿನ ಚಡ್ಡಿ ಒಗೆಯಲು ಹೋಗುವಳು. ಸಂಜೆಯ ಹೊತ್ತಿಗೆ ಅವಳ ಲೇಖನ ಮುಗಿದಿತ್ತು. ಅದರಲ್ಲಿ ಭುವಿಯ ಹೆಸರಿರಲಿಲ್ಲ; ‘ಜನಪ್ರಿಯ ಬ್ಲಾಗೊಂದರಲ್ಲಿ’ ಎಂದಿತ್ತು. ಆ ‘ಜನಪ್ರಿಯ’ ಎಂಬ ಮಾತಿಗೆ ಅವಳು ಬಹಳ ಹೊತ್ತು ತೆಗೆದುಕೊಂಡಿದ್ದಳು.

ಮರುದಿನ ಲೇಖನ ಹಾಕುವ ಮೊದಲೇ ಸಗೀರಾ ಬಂದಳು.

ಸಗೀರಾ ಹಿಂದಿನ ಓಣಿಯ ಹುಡುಗಿ. ಬಿ.ಸಿ.ಎ. ಮುಗಿಸಿ, ಊರಿನ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಕೆಲಸ ಕಲಿಸಿದ್ದು ಭಾಗ್ಯ. ‘ಕನ್ನಡದಾಗ ಬರಿಯೋರದ್ದು ಓದು, ಲಗೂನ ತಿಳಿತೈತಿ’ ಎಂದು ದಾರಿ ತೋರಿಸಿದ್ದೂ ಭಾಗ್ಯ. ಬಾಗಿಲಲ್ಲಿ ನಿಂತವಳ ಮುಷ್ಟಿಯಲ್ಲಿ ಪೆನ್‌ಡ್ರೈವ್ ಇತ್ತು.

“ಅಕ್ಕಾ, ಎಲ್ಲಾ ಹೋತು.”

“ಏನ್ ಹೋತು?”

“ನಮ್ಮ ನಾನಿ ಹಾಡು. ಆಕಿ ಊರು ಮೋರಟಗಿಗಿ ಹೋದಾಗೆಲ್ಲ ಕುಂದ್ರಿಸಿ ಹಾಡಿಸಿ ಇಟ್ಕೊಂಡಿದ್ನಿ. ಮದಿವಿ ಹಾಡು, ಬೀಸೂ ಹಾಡು, ಎಲ್ಲಾ ಇದರಾಗ ಇದ್ವು. ನಿನ್ನಿ ಸಂಜಿಕಿ ಭುವಕ್ಕನ ಸ್ಕ್ರಿಪ್ಟ್ ಹಾಕಿದ್ನಿ. ಈಗ ನೋಡಿದ್ರ ನನ್ನ ಕೆಲಸ ಅಷ್ಟ ಐತಿ, ಹಾಡಿಲ್ಲ.”

“ಮತ್ತ ಹಾಡಿಸಾಕ ಬರಂಗಿಲ್ಲೇನ?” ಎಂದು ಒಳಗಿನಿಂದ ಚನ್ನವ್ವ ಕೇಳಿದರು.

“ಹೋದ ತಿಂಗಳ ಇದ್ದ ಹಲ್ಲೂ ಕೀಳಿಸ್ಕೊಂಡಾಳ್ರಿ ಅಮ್ಮಾ. ಈಗ ಹಾಡಂದ್ರ ಗಾಳಿ ಬಿಟ್ಟ್ರ ಏನೂ ಬರಂಗಿಲ್ಲ. ತಾನ ನಗತಾಳ.” ಸಗೀರಾ ತಾನೂ ನಗಲು ಹೋಗಿ ಅತ್ತಳು.

ಭಾಗ್ಯ ಪೆನ್‌ಡ್ರೈವನ್ನು ತೆಗೆದುಕೊಂಡಳು. ಲ್ಯಾಪ್‌ಟಾಪಿಗೆ ಚುಚ್ಚಿದಳು. ಅಳಿದ ಕಡತಗಳು ಒಮ್ಮೆಲೇ ಮಾಯವಾಗುವುದಿಲ್ಲ, ಅವುಗಳ ಜಾಗದಲ್ಲಿ ಬೇರೆಯದು ಬಂದು ಕೂರುವ ತನಕ ಹುಡುಕಿ ತೆಗೆಯಬಹುದು. ಅದಕ್ಕೆ ಬೇಕಾದ ಉಪಕರಣ ಅವಳಿಗೆ ಗೊತ್ತಿತ್ತು. ಅದನ್ನು ನಡೆಸಿ, ಲ್ಯಾಪ್‌ಟಾಪನ್ನು ಮುತ್ತುವಿಗೆ ನಿಲುಕದ ಹಾಗೆ ಕಪಾಟಿನ ಮೇಲೆ ಇಟ್ಟು, “ಮಧ್ಯಾನ್ದ ಮ್ಯಾಲೆ ಬಾ” ಎಂದು ಸಗೀರಾಳನ್ನು ಕಳಿಸಿದಳು. ಬರೆದಿಟ್ಟ ಲೇಖನ ನೆನಪಾಯಿತು. ಈಗ ಅದನ್ನು ಹಾಕಿದರೆ ಮೈಮೇಲೆ ತಾನೇ ಸೆಗಣಿ ಎರಚಿಕೊಂಡ ಹಾಗೆ. ಅಳಿಸಿಹಾಕಿದಳು.

ಮಧ್ಯಾಹ್ನಕ್ಕೆ ಸಗೀರಾಳಿಗಿಂತ ಮೊದಲು ಬಂದವಳು ಭುವಿ. ಬಸ್ಸಿಳಿದು, ಬಿಸಿಲಲ್ಲಿ ನಡೆದು, ಮುಖವೆಲ್ಲ ಕೆಂಪಾಗಿತ್ತು. ಮನೆಗೆ ಹೋದ ಸಗೀರಾ ಅವಳ ಬ್ಲಾಗಿನ ಕೆಳಗೆ ಆದದ್ದನ್ನು, ಪೆನ್‌ಡ್ರೈವ್ ಭಾಗ್ಯಳ ಹತ್ತಿರ ಇರುವುದನ್ನು ಬರೆದಿದ್ದಳು. ಭುವಿ ಲೇಖನ ತೆಗೆದುಹಾಕಿ, ರಜೆ ಹಾಕಿ, ಸಿಕ್ಕ ಬಸ್ಸು ಹತ್ತಿದ್ದಳು.

“ಬಾ ಯವ್ವಾ, ನಮ್ಮ ಬರಿಯೂ ಹುಡುಗಿ!” ಎಂದು ಚನ್ನವ್ವ ಅವಳ ಗದ್ದ ಹಿಡಿದರು. “ಬೆಕ್ಕಿಂದ ಕೇಳಿ ನಕ್ಕ ನಕ್ಕ ನನಗ ಕೆಮ್ಮ ಬಂದಿತ್ತು. ಕುಂದ್ರ, ರೊಟ್ಟಿ ಬಿಸಿ ಅದಾವ.”

ಈ ಗಳಿಗೆಯಲ್ಲೂ ಭಾಗ್ಯಳ ಹೊಟ್ಟೆಯಲ್ಲಿ ಉರಿ ಎದ್ದಿತು. ಅವಳಿಗೇ ನಾಚಿಕೆಯಾಯಿತು.

ಊಟವಾಗಿ ಚನ್ನವ್ವ ಮುತ್ತುವನ್ನು ಮಲಗಿಸಲು ಒಳಗೆ ಹೋದ ಮೇಲೆ ಭುವಿ ದನಿ ತಗ್ಗಿಸಿದಳು.

“ಭಾಗಿ, ಒಂದ್ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ. ನೀ ಅದನ್ನ ನಿನ್ನಿ ಓದಿದ್ದಿಲ್ಲ?”

“ಯಾವದನ್ನ?”

“ನಾಟಕ ಮಾಡಬ್ಯಾಡ. ಓದೋರು ಯಾವ ಬ್ರೌಸರಿನಿಂದ ಬಂದಾರ ಅಂತ ನನಗ ಕಾಣತೈತಿ. ಮೌಸ್ ಇಲ್ಲದ ಆ ನಿನ್ನ ಬ್ರೌಸರ್ ಇಟ್ಟಾಕಿ ಈ ಜಿಲ್ಲಾದಾಗ ನೀ ಒಬ್ಬಾಕಿನ. ವರ್ಷದಿಂದ ದಿನಾ ಮುಂಜಾನೆ ಬರ್ತಿ. ನಮ್ಮ ಭಾಗಿ ಬಂದ್ಳು ಅಂತ ನಾ ಒಳಗೊಳಗ ಖುಷಿ ಪಡ್ತಿದ್ನಿ. ನಿನ್ನಿ ಅಂತೂ ದಿನವಿಡೀ ಬಂದಿ. ನಿನ್ನ ಕಣ್ಣಿಗಿ ಆ ತಪ್ಪು ಬೀಳಲಿಲ್ಲ ಅಂದ್ರ ನಾ ನಂಬಂಗಿಲ್ಲ.”

ಭಾಗ್ಯ ತಟ್ಟೆಯ ಅಂಚಿಗೆ ಅಂಟಿದ ಉಪ್ಪಿನಕಾಯಿಯ ರಸವನ್ನು ಬೆರಳಿನಿಂದ ಒರೆಸುತ್ತಿದ್ದಳು. ಯಂತ್ರಗಳ ಒಳಹೊರಗೆಲ್ಲ ಬಲ್ಲವಳಿಗೆ, ತನ್ನ ಹೆಜ್ಜೆಗುರುತು ಎಲ್ಲಿ ಬೀಳುತ್ತದೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ.

“ಕಂಡಿತ್ತು,” ಎಂದಳು.

“ಮತ್ತ?”

“ಹೇಳಬಾರದು ಅನಿಸ್ತು. ನಿಂದು ಒಮ್ಮೆರ ತಪ್ಪಲಿ ಅನಿಸ್ತು.”

ಭುವಿ ತನ್ನ ತಟ್ಟೆ ಆಚೆ ಸರಿಸಿದಳು. “ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈಬೇಕಿತ್ತು. ನಾ ಬೈಸ್ಕೊಳ್ಳಾಕಿ. ಆ ಹುಡುಗಿ ಏನ್ ಮಾಡಿತ್ತು? ತಪ್ಪು ನಂದ, ಅದಕ್ಕ ನಾ ಆಕಿ ಕಾಲ ಹಿಡಿಯಾಕ ಬಂದೇನಿ. ನೀ ಮಾಡಿದ್ದನ್ನ ನಾ ಯಾರಿಗೂ ಹೇಳಂಗಿಲ್ಲ. ಹೇಳೂದು ಬಿಡೂದು ನಿಂದು.”

ಸಗೀರಾ ಬಂದಾಗ ಉಪಕರಣದ ಕೆಲಸ ಮುಗಿದು, ಸಿಕ್ಕದ್ದೆಲ್ಲ ಪೆನ್‌ಡ್ರೈವಿಗೆ ಮರಳಿತ್ತು. ಹಾಡುಗಳಲ್ಲಿ ಬಹಳಷ್ಟು ಸಿಕ್ಕಿದ್ದವು; ಕೆಲವು ನಡುವೆಯೇ ಕತ್ತರಿಸಿದ್ದವು, ಕೆಲವು ಸಿಕ್ಕೇ ಇರಲಿಲ್ಲ. ಸಿಕ್ಕವಕ್ಕೂ ಹೆಸರಿರಲಿಲ್ಲ, ಬರೀ ಅಂಕಿಗಳು. ಒಂದನ್ನು ಒತ್ತಿದರೆ ಸಗೀರಾಳ ಅಜ್ಜಿ ಗೌಸಬಿಯ ತುಂಬು ದನಿ ಅಡುಗೆಮನೆಯನ್ನೆಲ್ಲ ತುಂಬಿತು. ಸಗೀರಾ ಭಾಗ್ಯಳ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾ, ನೀವ್ ಇರಲಿಲ್ಲಂದ್ರ ನನ್ನ ಗತಿ ಏನಿತ್ತು!”

ಹೀಗೇ ಬಿಟ್ಟರೆ ಆಗುತ್ತಿತ್ತು. ಭುವಿ ಕಿಟಕಿಯ ಆಚೆ ನೋಡುತ್ತಿದ್ದಳು. ಭಾಗ್ಯ ಕೈ ಬಿಡಿಸಿಕೊಂಡಳು.

“ಸಗೀರಾ, ಅದು ಅಳಸ್ತೈತಿ ಅಂತ ನೀ ಹಾಕೂಕಿಂತ ಮೊದಲ ನನಗ ಗೊತ್ತಿತ್ತು. ಭುವಿಗಿ ಹೇಳಲಿಲ್ಲ. ನಿನಗೂ ಹೇಳಲಿಲ್ಲ.”

“ಯಾಕ್ರಿ?”

“ಹೊಟ್ಟಿಕಿಚ್ಚು.”

ಸಗೀರಾ ಒಬ್ಬಳ ಮುಖ ನೋಡಿದಳು, ಇನ್ನೊಬ್ಬಳ ಮುಖ ನೋಡಿದಳು. ಪೆನ್‌ಡ್ರೈವ್ ಕಿತ್ತುಕೊಂಡು, ಚನ್ನವ್ವ ಇಟ್ಟ ಚಹಾವನ್ನೂ ಮುಟ್ಟದೆ ಹೋದಳು. ಭುವಿ ಅವಳ ಹಿಂದೆಯೇ ಹೋದಳು. “ಚಾ ಆರತೈತೆಲ್ಲವ್ವ, ಏನಾತು ಈ ಹುಡಿಗ್ಯಾರಿಗಿ?” ಎಂದು ಚನ್ನವ್ವ ಬಾಗಿಲ ತನಕ ಹೋಗಿ ನಿಂತರು.

ಆ ವಾರವೆಲ್ಲ ಸಗೀರಾ ಈ ಓಣಿಗೆ ಕಾಲಿಡಲಿಲ್ಲ. ಅಂಗಡಿಯಲ್ಲಿ ಎದುರಾದರೂ ಕೊತ್ತಂಬರಿಯ ಕಟ್ಟು ಆರಿಸುತ್ತ ನಿಲ್ಲುವಳು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಗೆ ಬಂದು, ಚಾಪೆಯ ಮೇಲೆ ಕೂತಳು.

“ಅಕ್ಕಾ ಅಂತ ಬಂದಿಲ್ಲ. ಕೆಲಸ ಐತಿ ಅಂತ ಬಂದೇನಿ. ಹಾಡೆಲ್ಲ ಕಲಸಿಹೋಗ್ಯಾವ, ಯಾವದು ಯಾವದರ ತುಂಡು ತಿಳೀವಲ್ದು. ನೀವ ಹೊಂದಿಸಿ ಕೊಡಬೇಕು.”

“ಕೊಡ್ತೇನಿ.”

“ಪುಕ್ಕಟೆ.”

“ಪುಕ್ಕಟೆನ ಕೊಡ್ತೇನಿ.”

ಅಂದಿನಿಂದ ಮುತ್ತು ಮಲಗಿದ ಹೊತ್ತಿನಲ್ಲಿ ಭಾಗ್ಯ ಒಂದೊಂದು ತುಂಡನ್ನೂ ಕೇಳಿ, ಹೊಂದಿಸಿ, ಹೆಸರು ಬರೆಯತೊಡಗಿದಳು. ಪದ ತಿಳಿಯದ ಕಡೆ ಚನ್ನವ್ವ ಹೇಳಿಕೊಡುತ್ತಿದ್ದರು. ಯಾರೂ ಓದದ, ಯಾರೂ ಭೇಷ್ ಅನ್ನದ ಕೆಲಸ. ಸಗೀರಾ ಎದುರಿಗೆ ಕೂತಿರುತ್ತಿದ್ದಳು, ಬೇಕಾದಷ್ಟೇ ಮಾತು. ಎರಡನೆಯ ದಿನ ಚಹಾ ಕುಡಿದಳು.

ಅದೇ ವಾರ ಭುವಿ ತನ್ನ ತಪ್ಪಿನ ಬಗ್ಗೆ ಬರೆದಳು. ತನ್ನ ಸ್ಕ್ರಿಪ್ಟು ಒಬ್ಬ ಅಜ್ಜಿಯ ಹಾಡನ್ನು ಹೇಗೆ ನುಂಗಿತು, ಸಿಂದಗಿಯಿಂದ ಇಂಡಿಯ ತನಕ ಬಸ್ಸಿನಲ್ಲಿ ತಾನು ಏನೇನು ಹೇಳಿಕೊಳ್ಳುತ್ತ ಬಂದೆ, ಸಗೀರಾಳ ಬಾಗಿಲಲ್ಲಿ ನಿಂತಾಗ ಅದರಲ್ಲಿ ಒಂದೂ ನೆನಪಾಗದೆ ಹೇಗೆ ಬರೀ ‘ನೀರ್ ಕೊಡ್ರಿ’ ಎಂದೆ. ಭಾಗ್ಯ ಮಾಡಿದ್ದರ ಸುದ್ದಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅಳಿದದ್ದನ್ನು ಹುಡುಕುವ ಉಪಕರಣದ ಬಗ್ಗೆ ಭಾಗ್ಯ ಹಿಂದೆ ಬರೆದಿದ್ದ ಲೇಖನ ಓದಿರೆಂದು ಕೊಂಡಿ ಮಾತ್ರ ಇತ್ತು. ಜನ ಮುಗಿಬಿದ್ದಿದ್ದರು. ತಪ್ಪು ಮಾಡಿ ಇಷ್ಟು ಚಂದ ಬರೆಯುವುದಾದರೆ ಇನ್ನೂ ಮಾಡ್ರಿ ಅಕ್ಕಾ ಎಂದು ಮುದ್ದೇಬಿಹಾಳದ ಒಬ್ಬರು ಬರೆದಿದ್ದರು. ಭಾಗ್ಯಳ ಬ್ಲಾಗಿಗೂ ಹಿಂದೆಂದೂ ಬಾರದಷ್ಟು ಜನ ಬಂದಿದ್ದರು, ಎಲ್ಲರೂ ಭುವಿಯ ಮನೆಯ ಬಾಗಿಲಿನಿಂದ ಹಾದು.

ಭಾಗ್ಯ ಕೊನೆಯ ತನಕ ಓದಿದಳು. ಚಂದವಿತ್ತು. ಎಲ್ಲಿಯೂ ಬೆರಳಿಡಲು ಆಗದಷ್ಟು ಚಂದವಿತ್ತು, ಒಂದು ಕಡೆ ಬಿಟ್ಟು: ಏನಾದರೂ ಅಳಿದುಹೋದರೆ ಹುಡುಕುವ ತನಕ ಆ ಪೆನ್‌ಡ್ರೈವಿಗೆ ಹೊಸದಾಗಿ ಏನನ್ನೂ ಹಾಕಬಾರದು ಎಂಬುದನ್ನು ಭುವಿ ಹೇಳಿರಲಿಲ್ಲ. ಹೊಟ್ಟೆ ಮೊದಲಿನ ಹಾಗೇ ಉರಿಯುತ್ತಿತ್ತು. ಅವಳು ಕೆಳಗೆ ಅದನ್ನು ಬರೆದು, ಇಂಡಿಯ ಭಾಗ್ಯಜ್ಯೋತಿ ಎಂದು ಹೆಸರು ಹಾಕಿ, ಎರಡನೆಯ ಸಲ ಓದದೆ ಕಳಿಸಿದಳು.